ಕೈ ಕಾಣಬೇಕಾದ ಕೆಲಸ

ಅವಳದು ಕೈಯನ್ನು ಬಚ್ಚಿಟ್ಟುಕೊಂಡು ಮಾಡುವ ಕೆಲಸವಾಗಿರಲಿಲ್ಲ. ಅವಳು ಸನ್ನೆಭಾಷೆಯ ದುಭಾಷಿ. ಆಸ್ಪತ್ರೆ, ಬ್ಯಾಂಕು, ನ್ಯಾಯಾಲಯ, ಶಾಲೆ, ಎಲ್ಲೆಲ್ಲಿ ಕಿವಿ ಕೇಳುವವರೂ ಕೇಳದವರೂ ಎದುರುಬದುರು ಕೂತು ಮಾತಾಡಬೇಕಾಗುತ್ತದೋ ಅಲ್ಲಿಗೆ ಹೋಗಿ, ಬಾಯಿಂದ ಬಂದದ್ದನ್ನು ಕೈಗೂ ಕೈಯಿಂದ ಬಂದದ್ದನ್ನು ಬಾಯಿಗೂ ದಾಟಿಸುವುದು ಅವಳ ಉದ್ಯೋಗ. ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲವಾದ್ದರಿಂದ ಇವಳಿಗೆ ಈ ಭಾಷೆ ಯಾರೂ ಕಲಿಸದೆ ಬಂದಿತ್ತು. ಅಕ್ಕತಂಗಿ ಜಗಳಕ್ಕೆ ನಿಂತರೆ ಮನೆಯಲ್ಲಿ ಒಂದು ಸದ್ದೂ ಇರುತ್ತಿರಲಿಲ್ಲ, ಮೇಜಿನ ಮೇಲಿನ ಲೋಟಗಳು ಮಾತ್ರ ಉರುಳುತ್ತಿದ್ದವು ಎಂದು ಅವರಮ್ಮ ಹೇಳಿಕೊಂಡು ನಗುತ್ತಿದ್ದರು.

ಅಂಥವಳ ಕೈಗೇ ಇಸುಬು ಬಂದಿತ್ತು.

ಮೊದಲು ಕಾಣಿಸಿಕೊಂಡದ್ದು ಆರನೇ ವಯಸ್ಸಿನಲ್ಲಿ, ಮೊಣಕೈ ಮಡಿಕೆಯಲ್ಲಿ. ಆಮೇಲೆ ಮಂಡಿಯ ಹಿಂದೆ, ಕತ್ತಿನ ಸುತ್ತ. ದೊಡ್ಡವಳಾದಂತೆ ಉಳಿದ ಕಡೆ ಸ್ವಲ್ಪ ತಣ್ಣಗಾಗಿ ಪೂರ್ತಿ ಸಂಸಾರ ಎತ್ತಿಕೊಂಡು ಮಣಿಕಟ್ಟಿಗೂ ಬೆರಳುಗಳಿಗೂ ಬಂದು ಕೂತುಬಿಟ್ಟಿತು. ಚಳಿಗಾಲದಲ್ಲಿ ಬೆರಳ ಗೆಣ್ಣುಗಳು ಸೀಳಿ ರಕ್ತ ಜಿನುಗುತ್ತಿತ್ತು. ಬೇಸಿಗೆಯಲ್ಲಿ ಬೆವರು ತಾಗಿದರೆ ಉಪ್ಪು ಸವರಿದಂತೆ ಉರಿ. ಇನ್ನು ನವೆಯೋ, ಸೊಳ್ಳೆ ಕಚ್ಚಿದ ನವೆಯಂತಲ್ಲ. ಚರ್ಮದ ಕೆಳಗೆಲ್ಲೋ ಹುಟ್ಟಿ, ಎಲ್ಲಿ ಕೆರೆದರೂ ಇನ್ನೊಂದು ಬೆರಳಗಲ ಆಚೆ ಸರಿಯುವ ನವೆ. ನಿದ್ದೆಯಲ್ಲಿ ತನಗೇ ತಿಳಿಯದೆ ಕೆರೆದುಕೊಂಡು, ಬೆಳಗ್ಗೆ ಎದ್ದು ಹಾಸಿಗೆಯ ಮೇಲಿನ ಕೆಂಪು ಚುಕ್ಕೆಗಳನ್ನು ಯಾರೂ ನೋಡುವ ಮೊದಲೇ ಒಗೆಯಲು ಹಾಕುತ್ತಿದ್ದಳು.

ಹುಟ್ಟಿದಾಗಿನಿಂದ ಅವಳು ಅತಿ ಹೆಚ್ಚು ಸಲ ಕೇಳಿದ ಮಾತು ಅವಳ ಹೆಸರಲ್ಲ, "ಕೆರೀಬೇಡ" ಎಂಬುದು. ಅಮ್ಮ ಹೇಳಿದರು, ಟೀಚರು ಹೇಳಿದರು, ಬಸ್ಸಿನಲ್ಲಿ ಪಕ್ಕ ಕೂತ ಗುರುತುಪರಿಚಯವಿಲ್ಲದವರೂ ಹೇಳಿದರು. ಮದುವೆಯಾದ ಮೇಲೆ ಗಂಡನೂ ಅತ್ತೆಯೂ ಪಾಳಿಯ ಮೇಲೆ ಹೇಳಿದರು. ಕಿವುಡರಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಹೆಸರು ಇರುತ್ತದೆ, ಅದನ್ನು ಇಡುವಾಗ ಅವರು ಮುಖಸ್ತುತಿ ಮಾಡುವುದಿಲ್ಲ. ಕಣ್ಣಿಗೆ ಏನು ಬೀಳುತ್ತದೋ ಅದೇ ಹೆಸರು. ಬೊಜ್ಜಿನವನು ಹೊಟ್ಟೆ, ಮೊಡವೆಯವಳು ಕೆನ್ನೆ. ಇವಳ ಹೆಸರು, ಎಡ ಮಣಿಕಟ್ಟಿನ ಮೇಲೆ ಬಲಗೈಯ ನಾಲ್ಕು ಬೆರಳು ಪರಪರ ಎಳೆಯುವುದು. ಕೆರೆಯುವವಳು ಎಂದು. ಮೊದಮೊದಲು ಅವಳಿಗೆ ಅಳು ಬರುತ್ತಿತ್ತು. ಅಕ್ಕ, "ನಿಂದು ವಾಸಿ ಕಣೇ, ನನ್ನದು ಮೂಗು" ಎಂದು ಸಮಾಧಾನ ಮಾಡಿದ್ದಳು.

ಮದ್ದು ಮಾಡದೆ ಬಿಟ್ಟಿರಲಿಲ್ಲ. ಅತ್ತೆ ಯಾರು ಏನು ಹೇಳಿದರೂ ತಂದು ತಲೆಬಾಗಿಲಲ್ಲೇ ನಿಲ್ಲಿಸಿ ಹಚ್ಚಿಬಿಡುತ್ತಿದ್ದರು. ಯಾರೋ ಹೇಳಿದ ಎಣ್ಣೆ, ಯಾರೋ ಅರೆದುಕೊಟ್ಟ ಸೊಪ್ಪು, ಒಮ್ಮೆ ಕುದುರೆಗೆ ಹಚ್ಚುವ ಯಾವುದೋ ಕರಿ ಮುಲಾಮು. ಡಾಕ್ಟರುಗಳೂ ಐದಾರು ಜನ ಆಗಿದ್ದರು. ಅವರು ಕೊಟ್ಟ ಟ್ಯೂಬು ಹಚ್ಚಿದರೆ ನಾಲ್ಕು ದಿನಕ್ಕೆ ಕೆಂಪು ಇಳಿಯುತ್ತಿತ್ತು, ಇಳಿದ ಕೂಡಲೇ ಇವಳು ನಿಲ್ಲಿಸುತ್ತಿದ್ದಳು, ವಾರದಲ್ಲಿ ಬಡ್ಡಿ ಸಮೇತ ವಾಪಸು. ಮೇಲಾಗಿ ಒಬ್ಬ ಔಷಧಿ ಅಂಗಡಿಯವನು, "ಇದು ಸ್ಟೀರಾಯ್ಡು ಅಮ್ಮಾ, ಜಾಸ್ತಿ ಹಚ್ಚಿದ್ರೆ ಚರ್ಮ ಕಾಗದ ಆಗುತ್ತೆ" ಎಂದು ಹೆದರಿಸಿದ್ದ. ಅಂದಿನಿಂದ ಅವಳು ಟ್ಯೂಬಿನಿಂದ ಸಾಸಿವೆ ಕಾಳಿನಷ್ಟು ತೆಗೆದು ಎರಡು ಕೈಗೂ ಸವರುತ್ತಿದ್ದಳು. ಹಚ್ಚಿದ ಸಮಾಧಾನವೂ ಇಲ್ಲ, ಬಿಟ್ಟ ಸಮಾಧಾನವೂ ಇಲ್ಲ.

ಹೀಗಿರುವಾಗ ಒಂದು ಟೀವಿ ಕಚೇರಿಯವರು ಸಂಜೆಯ ಸುದ್ದಿಗೆ ದುಭಾಷಿ ಬೇಕೆಂದು ಕರೆದರು. ಪರದೆಯ ಮೂಲೆಯಲ್ಲಿ ನಿಂತು ಸುದ್ದಿಯನ್ನು ಕೈಯಲ್ಲಿ ಹೇಳಬೇಕು. ಪರೀಕ್ಷೆಗೆಂದು ಹತ್ತು ನಿಮಿಷ ನಿಲ್ಲಿಸಿದರು. ಅವಳ ಸನ್ನೆ ನೋಡಿ ಅಲ್ಲಿದ್ದ ಕಿವುಡ ಸಲಹೆಗಾರ ಎರಡೂ ಕೈ ಮೇಲೆತ್ತಿ ಅಲುಗಿಸಿ, ಕಿವುಡರ ರೀತಿಯಲ್ಲಿ ಚಪ್ಪಾಳೆ ಹೊಡೆದ. ಆದರೆ ಕ್ಯಾಮೆರಾದ ಹಿಂದಿದ್ದವನು ಪಕ್ಕದವನಿಗೆ ಹೇಳಿದ್ದು ಇವಳ ಕಿವಿಗೆ ಬಿತ್ತು. "ಕೈ ನೋಡೋಕಾಗ್ತಿಲ್ಲಪ್ಪ. ಊಟದ ಹೊತ್ತಿನ ಸುದ್ದಿ ಇದು."

ಇವಳು ಯಾರ ಮೇಲೂ ಕೂಗಾಡಲಿಲ್ಲ. ಚೀಲ ಎತ್ತಿಕೊಂಡು ಮನೆಗೆ ಬಂದಳು. ಮರುವಾರ ಕಿವುಡರ ಸಂಘದಲ್ಲಿ ಒಂದು ಮೇಜಿನ ಕೆಲಸ ಖಾಲಿಯಿದೆಯೆಂದು ತಿಳಿಯಿತು. ಯಾವ ದುಭಾಷಿ ಎಲ್ಲಿಗೆ ಹೋಗಬೇಕೆಂದು ಬರೆದುಕೊಂಡು ಕೂರುವುದು. ಕೈ ಮೇಜಿನ ಕೆಳಗೇ ಇದ್ದರೂ ನಡೆಯುತ್ತದೆ. ಒಪ್ಪಿಕೊಂಡಳು. ಬರುವ ತಿಂಗಳಿನಿಂದ ಅದೇ. ಗಂಡ ಬಸ್ ಓಡಿಸುತ್ತಿದ್ದ, ಮಾತು ಕಡಿಮೆ. "ನಿಂಗೆ ಖುಷಿಯಾದ್ರೆ ನಂಗೂ ಖುಷಿ. ಆದ್ರೆ ನಿನ್ನ ಮುಖದಲ್ಲಿ ಖುಷಿ ಕಾಣ್ತಿಲ್ಲ" ಎಂದಷ್ಟೇ ಹೇಳಿದ.

ಆ ತಿಂಗಳು ಉಳಿದಿದ್ದ ಕೆಲಸಗಳಲ್ಲಿ ಪಾಲಿಶ್ ಅಜ್ಜನನ್ನು ಚರ್ಮದ ಡಾಕ್ಟರ ಹತ್ತಿರ ಕರೆದೊಯ್ಯುವುದೂ ಒಂದು.

ಪಾಲಿಶ್ ಅಜ್ಜ ಎಪ್ಪತ್ತು ದಾಟಿದವರು. ನಲವತ್ತೈದು ವರ್ಷ ಪೀಠೋಪಕರಣದ ಕಾರ್ಖಾನೆಯಲ್ಲಿ ಮೇಜುಗಳಿಗೂ ಬೀರುಗಳಿಗೂ ಪಾಲಿಶ್ ಹಾಕಿ, ಈಗಲೂ ಬಿಡದೆ ಅರ್ಧ ದಿನ ಹೋಗುತ್ತಿದ್ದರು. ಮಾತು ಬಾರದು, ಕಿವಿ ಕೇಳದು, ಓದು ಅಷ್ಟಕ್ಕಷ್ಟೆ, ಕಣ್ಣು ಮಾತ್ರ ಮರದ ಮೇಲಿನ ಕೂದಲೆಳೆಯ ಗೀರನ್ನೂ ಹಿಡಿಯುವಂಥದ್ದು. ಒಂದು ವರ್ಷದಿಂದ ಅವರ ಎರಡೂ ಕೈ ಮೊಣಕೈವರೆಗೆ ದದ್ದು ಎದ್ದು ನವೆಯಾಗುತ್ತಿತ್ತು. ಆಸ್ಪತ್ರೆಯ ಪಡಸಾಲೆಯಲ್ಲಿ ಇವಳನ್ನು ಕಂಡವರೇ ದೂರದಿಂದಲೇ ಮಣಿಕಟ್ಟು ಪರಪರ ಕೆರೆದು ಹೆಸರು ಕರೆದರು. ಅಲ್ಲೇ ಕೂತಿದ್ದ ಇನ್ನೊಬ್ಬ ರೋಗಿ, ಪಾಪ ಮುದುಕನಿಗೆ ಬಹಳ ನವೆ ಎಂದುಕೊಂಡು ತನ್ನ ಜಾಗ ಬಿಟ್ಟುಕೊಟ್ಟ.

ಡಾಕ್ಟರು ನಡುವಯಸ್ಸಿನ ಹೆಂಗಸು. ಸಣ್ಣ ಕೋಣೆ, ಭೂತಗನ್ನಡಿ ಜೋಡಿಸಿದ ಎತ್ತರದ ದೀಪ, ಕಾಗದ ಹಾಸಿದ ಮಂಚ. ಇವಳು ಡಾಕ್ಟರ ಪಕ್ಕಕ್ಕೆ, ಅಜ್ಜನಿಗೆ ಇಬ್ಬರೂ ಒಟ್ಟಿಗೆ ಕಾಣುವ ಹಾಗೆ ಕುರ್ಚಿ ಎಳೆದುಕೊಂಡು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದಳು. "ನನ್ನ ನೋಡ್ಬೇಡಿ ಡಾಕ್ಟ್ರೇ, ಅವರನ್ನ ನೋಡಿ ಮಾತಾಡಿ. ಅವರು ಹೇಳಿದ್ದನ್ನ ಅವರೇ ಆಡಿದ ಹಾಗೆ ಹೇಳ್ತೀನಿ. ಈ ರೂಮಲ್ಲಿ ಯಾರು ಏನಂದ್ರೂ ಒಂದೂ ಬಿಡದೆ ದಾಟಿಸೋದು ನನ್ನ ಕೆಲಸ."

"ಒಳ್ಳೇದು," ಎಂದು ಡಾಕ್ಟರು ಅಜ್ಜನ ಕಡೆ ತಿರುಗಿದರು.

ಕೈ ನೋಡಿದರು, ದೀಪದ ಕೆಳಗೆ ಹಿಡಿದು ನೋಡಿದರು, ಯಾವ ಪಾಲಿಶ್, ಯಾವಾಗಿನಿಂದ, ಯಾವುದರಿಂದ ಕೈ ತೊಳೆಯುತ್ತೀರಿ ಎಂದೆಲ್ಲ ಕೇಳಿದರು. ಪಾಲಿಶಿನ ಯಾವ ಪದಾರ್ಥ ಒಗ್ಗುತ್ತಿಲ್ಲ ಎಂದು ಪತ್ತೆ ಮಾಡಲು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡೋಣ ಎಂದರು. ಆಮೇಲೆ ಆರೈಕೆಯ ಮಾತಿಗೆ ಬಂದರು.

"ನಿಮ್ಮ ಚರ್ಮಕ್ಕೆ ಈಗ ನೀರು ಹಿಡಿದಿಟ್ಕೊಳ್ಳೋ ಶಕ್ತಿ ಇಲ್ಲ ಅಜ್ಜಾ. ಅದಕ್ಕೇ ಜಿಡ್ಡಿನ ಮುಲಾಮು, ವಾಸನೆ ಇಲ್ಲದ್ದು, ದಿನಕ್ಕೆ ನಾಲ್ಕೈದು ಸಲ ಧಾರಾಳವಾಗಿ ಬಳೀಬೇಕು. ಬಿಸಿ ಬಿಸಿ ನೀರು ಬೇಡ, ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಒರಸದೆ ಒತ್ತಿ, ಮೈ ಹಸಿ ಇರುವಾಗಲೇ ಹಚ್ಚಿ."

ಇವಳ ಕೈ ಅದನ್ನೆಲ್ಲ ಹೇಳಿತು.

"ಈ ಟ್ಯೂಬು ಕೆಂಪು ಇರೋ ಕಡೆಗೆ, ದಿನಕ್ಕೆ ಒಂದು ಸಲ. ತೋರುಬೆರಳ ತುದಿಯಿಂದ ಮೊದಲನೇ ಗೆರೆವರೆಗೆ ಹಿಂಡಿ. ಅಷ್ಟು, ಎರಡು ಅಂಗೈ ಅಗಲದ ಜಾಗಕ್ಕೆ. ಹೆದರಿ ಹೆದರಿ ಚೂರು ಹಚ್ಚಿದ್ರೆ ಕಾಯಿಲೆನೂ ಹೋಗಲ್ಲ, ಔಷಧಿನೂ ಮುಗಿಯಲ್ಲ. ಕಮ್ಮಿ ಆಯ್ತು ಅಂತ ಮೂರನೇ ದಿನಕ್ಕೆ ನಿಲ್ಲಿಸ್ಬೇಡಿ. ಮೇಲೆ ಆರಿದ್ರೂ ಒಳಗೆ ಕೆಂಡ ಇರುತ್ತೆ. ಎಷ್ಟು ದಿನ, ಹೇಗೆ ಇಳಿಸೋದು ಅಂತ ನಾನು ಹೇಳ್ತೀನಿ."

ಇವಳು ತನ್ನ ತೋರುಬೆರಳನ್ನೇ ಎತ್ತಿ, ತುದಿಯಿಂದ ಗೆರೆಯವರೆಗೆ ಹೆಬ್ಬೆರಳಿನಿಂದ ಅಳೆದು ತೋರಿಸಿದಳು. ಆ ಗೆಣ್ಣಿನ ಮೇಲೇ ಅಂದು ಬೆಳಗ್ಗೆ ಹೊಸ ಬಿರುಕು ಬಿಟ್ಟಿತ್ತು. ಸಾಸಿವೆ ಕಾಳು ನೆನಪಾಯಿತು.

"ಇನ್ನು ನವೆ," ಎಂದರು ಡಾಕ್ಟರು. "ಕೆರೀಬೇಡಿ ಅಂತ ನಾನು ಹೇಳಲ್ಲ. ಅದು ಉಸಿರಾಡ್ಬೇಡಿ ಅಂದ ಹಾಗೆ. ಉಗುರು ಸಣ್ಣಗೆ ಕತ್ತರಿಸಿ. ನವೆ ಬಂದಾಗ ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡೀರಿ, ಇಲ್ಲಾ ತಣ್ಣನೆ ಒದ್ದೆ ಬಟ್ಟೆ ಇಡಿ. ತಡೀದೆ ಕೆರೆದ್ರೆ ಕೆರೆದ್ರಿ, ಅದು ನಿಮ್ಮ ತಪ್ಪಲ್ಲ."

ಹದಿನಾಲ್ಕು ವರ್ಷದ ವೃತ್ತಿಯಲ್ಲಿ ಮೊದಲ ಸಲ ಅವಳ ಕೈ ನಡುವೆ ನಿಂತುಹೋಯಿತು. ನ್ಯಾಯಾಲಯದಲ್ಲಿ ನಿಂತಿರಲಿಲ್ಲ, ಸಾವಿನ ಸುದ್ದಿ ದಾಟಿಸುವಾಗಲೂ ನಿಂತಿರಲಿಲ್ಲ. "ದುಭಾಷಿ ಕೇಳ್ತಿದಾಳೆ," ಎಂದಳು, ನಿಯಮದಂತೆ. "ಕೊನೇ ಮಾತು ಇನ್ನೊಂದ್ಸಲ ಹೇಳ್ತೀರಾ?"

ಡಾಕ್ಟರು ಮತ್ತೆ ಹೇಳಿದರು. ತಪ್ಪಲ್ಲ. ಇವಳು ಅದನ್ನು ಸನ್ನೆ ಮಾಡಿದಳು. ಅಜ್ಜ ಸನ್ನೆಯನ್ನು ನೋಡಿದರು, ಆಮೇಲೆ ಸನ್ನೆ ಮಾಡಿದ ಕೈಯನ್ನು ನೋಡಿದರು, ಮೇಜಿಗೆ ಪಾಲಿಶ್ ಹಾಕುವ ಮೊದಲು ನೋಡುವ ಹಾಗೆ. ಆಮೇಲೆ ಸಾವಕಾಶವಾಗಿ ಏನೋ ಹೇಳಿದರು.

ಇವಳು ಬಾಯಿ ಬಿಡಲಿಲ್ಲ.

ಅಜ್ಜ ಬೆರಳಿನಿಂದ ಮೇಜು ಕುಟ್ಟಿದರು. ಹೇಳು.

ಬೇರೆ ದಾರಿಯಿರಲಿಲ್ಲ. ಒಂದೂ ಬಿಡದೆ ದಾಟಿಸುತ್ತೇನೆಂದು ತಾನೇ ಬಾಯಿಬಿಟ್ಟು ಹೇಳಿಯಾಗಿತ್ತು. "ನನ್ನ ಕೈ ಇರ್ಲಿ ಡಾಕ್ಟ್ರೇ," ಎಂದಳು, ಏರಿಳಿತವಿಲ್ಲದ ದನಿಯಲ್ಲಿ. "ನಂಗೆ ಎಪ್ಪತ್ತು ಆಯ್ತು. ಮೊದ್ಲು ಈ ಹುಡುಗಿ ಕೈ ನೋಡಿ."

ಡಾಕ್ಟರು, ಹೇಳಿಕೊಟ್ಟಂತೆ ಅಜ್ಜನನ್ನೇ ನೋಡುತ್ತ ಕೇಳಿದರು. "ಯಾವ ಹುಡುಗಿ?"

ಯಾವ ಹುಡುಗಿ ಎಂದು ಇವಳು ಸನ್ನೆ ಮಾಡಿದಳು. ಮೂವತ್ತಾರು ವರ್ಷದ ಮುಖ ಕಾದ ಹೆಂಚಾಗಿತ್ತು.

ಅಜ್ಜನ ಕೈ ಜೋರಾಯಿತು. ಇವಳ ಬಾಯಿ ಹಿಂಬಾಲಿಸಿತು. "ಇನ್ಯಾವ ಹುಡುಗಿ? ಇಲ್ಲಿ ಕೂತಿರೋಳು. ಅವಳ ಬೆರಳಲ್ಲಿ ರಕ್ತ ಬರ್ತಿದೆ, ಕಾಣಲ್ವಾ? ನೀವು ಹೇಳಿದ್ದನ್ನೆಲ್ಲ ನಂಗೆ ಚೆನ್ನಾಗಿ ಹೇಳಿದ್ಳು. ತಾನು ಅದ್ರಲ್ಲಿ ಒಂದನ್ನೂ ಮಾಡಲ್ಲ. ಮುಂದಿನ ತಿಂಗಳಿಂದ ಆಫೀಸಲ್ಲಿ ಕೂರ್ತಾಳಂತೆ. ಯಾಕೆ ಅಂತ ಸಂಘದಲ್ಲಿ ಎಲ್ರಿಗೂ ಗೊತ್ತು, ಇವಳು ಮಾತ್ರ ನಮಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ. ನನ್ನ ಹೆಂಡ್ತಿ ಆಸ್ಪತ್ರೇಲಿದ್ದಾಗ ಅಲ್ಲಿನವರು ಕಾಗದದ ಮೇಲೆ ಬರೆದು ಬರೆದು ಕೊಡ್ತಿದ್ರು, ನಂಗೆ ತಲೆಬುಡ ತಿಳೀತಿರ್ಲಿಲ್ಲ. ಇವಳು ಬಂದ್ಳು. ಹನ್ನೊಂದು ದಿನ ಬಂದ್ಳು. ನನ್ನ ಹೆಂಡ್ತಿ ಕೊನೇಲಿ ಕೈ ಎತ್ತೋಕಾಗದೆ ನರ್ಸಮ್ಮನ ಹತ್ರ ಬಾಯಲ್ಲಿ ಏನು ಹೇಳಿದ್ಳು ಅಂತ ನಂಗೆ ತಿಳಿದದ್ದು..."

ಅಲ್ಲಿ ಅವಳ ದನಿ ಒಡೆಯಿತು. ಅಜ್ಜ ಕೈ ನಿಲ್ಲಿಸಿ ಕಾದರು. ಅವಳು ವಾಕ್ಯ ಮುಗಿಸಿದಳು. "ತಿಳಿದದ್ದು ಈ ಕೈಯಿಂದ. ಇದನ್ನ ಹಾಳಾಗೋಕೆ ಬಿಡ್ಬೇಡಿ."

ಡಾಕ್ಟರು ಈಗಲೂ ಅಜ್ಜನನ್ನೇ ನೋಡುತ್ತ, "ಇದು ನಿಮ್ಮ ಸಮಯ ಅಜ್ಜಾ, ಇದನ್ನ ಬೇರೆಯವರಿಗೆ ಕೊಡಲ್ಲ. ಇವರಿಗೆ ಇವರದೇ ಸಮಯ ಕೊಡ್ತೀನಿ. ಗುರುವಾರ ಹತ್ತು ಗಂಟೆಗೆ" ಎಂದರು.

"ಚೀಟೀಲಿ ಬರೆದುಕೊಡಿ," ಎಂದರು ಅಜ್ಜ ಅವಳ ಬಾಯಿಂದಲೇ. "ಇವಳು ಮರೆತುಹೋಯ್ತು ಅಂತಾಳೆ."

ಹೊರಗೆ ಬಂದದ್ದೇ ಅವಳು ಅಜ್ಜನ ಮೇಲೆ ಎರಗಿದಳು. ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ದೊಡ್ಡದಾಗಿ ಕೈ ಬೀಸಿ, "ನನ್ನ ಬಾಯಿಂದಲೇ ಹೇಳಿಸಿದ್ರಲ್ಲ, ಇದು ನ್ಯಾಯವಾ!" ಎಂದಳು.

"ಮತ್ತೆ ಬೇರೆ ಯಾರ ಬಾಯಿದೆ ನಂಗೆ?" ಎಂದರು ಅಜ್ಜ.

ಅವಳಿಗೆ ಸಿಟ್ಟೂ ನಗುವೂ ಒಟ್ಟಿಗೆ ಬಂದು, ಎರಡರ ಕೊನೆಗೆ ಅಳು ಬಂತು. ಅಜ್ಜ ಕೈಚೀಲದಿಂದ ಪಾಲಿಶ್ ವಾಸನೆಯ ಬಟ್ಟೆ ತೆಗೆದು ಕೊಡಹೋಗಿ, ಏನೋ ನೆನಪಾದವರಂತೆ ಮತ್ತೆ ಒಳಗಿಟ್ಟುಕೊಂಡು, ತಮ್ಮ ಅಂಗಿಯ ತೋಳು ಮುಂದೆ ಮಾಡಿದರು.

ಗುರುವಾರ ಅವಳು ಹೋದಳು. ಡಾಕ್ಟರು ಮೂವತ್ತು ವರ್ಷದ ಕಥೆಯನ್ನು ನಡುವೆ ಬಾಯಿ ಹಾಕದೆ ಕೇಳಿದರು. ಚರ್ಮ ಕಾಗದವಾಗುತ್ತದೆಂಬ ಔಷಧಿ ಅಂಗಡಿಯವನ ಮಾತು ಬಂದಾಗ ಮಾತ್ರ, "ಹೇಳಿದಷ್ಟು, ಹೇಳಿದಷ್ಟು ದಿನ ಹಚ್ಚಿದ್ರೆ ಭಯ ಬೇಡ. ಮಿತಿ ನೋಡ್ಕೊಳ್ಳೋಕೆ ನಾನಿದೀನಲ್ಲ" ಎಂದರು. ಮತ್ತೆ ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. "ಇದು ಬಂದು ಹೋಗೋ ನೆಂಟ ಅಲ್ಲ. ಮನೇಲೇ ಇರೋ ನೆಂಟ. ಓಡಿಸ್ತೀನಿ ಅಂತ ನಾನು ಸುಳ್ಳು ಹೇಳಲ್ಲ. ಯಜಮಾನಿಕೆ ಅದರ ಕೈಗೆ ಹೋಗದ ಹಾಗೆ ಮಾಡೋಣ."

ವಿಚಿತ್ರವೆಂದರೆ, ವಾಸಿಯಾಗುತ್ತದೆ ಎಂದು ಆಣೆ ಇಟ್ಟವರ ಮಾತಿಗಿಂತ ಈ ಮಾತಿನಿಂದ ಅವಳಿಗೆ ಎದೆ ಹಗುರವಾಯಿತು.

ಮನೆಯಲ್ಲಿ ಈ ಸುದ್ದಿಯನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡವರು ಅತ್ತೆ. ಕುದುರೆ ಮುಲಾಮಿನ ಡಬ್ಬಿಯನ್ನು ತಾವೇ ಎತ್ತಿ ಬಿಸಾಕಿ, ಡಾಕ್ಟರು ಬರೆದುಕೊಟ್ಟ ಕಾಗದವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಆ ದಿನದಿಂದ ಪೊಲೀಸಾಗಿಬಿಟ್ಟರು. ಸ್ನಾನದ ಮನೆಯ ಬಾಗಿಲಾಚೆ ನಿಂತು "ಐದು ನಿಮಿಷ ಆಯ್ತು, ಬಾ ಈಚೆ" ಎಂದು ಕೂಗುವರು. ಪಾತ್ರೆ ತೊಳೆಯಲು ಹೋದರೆ "ಒಳಗೆ ಹತ್ತಿ ಗವಸು ಹಾಕ್ದ್ಯಾ? ಮೇಲೆ ರಬ್ಬರು?" ಎಂದು ಕೇಳಿ, ಕೊನೆಗೆ ಈ ವಿಚಾರಣೆ ತಮಗೇ ಸಾಕಾಗಿ, "ಸರಿ ಕಣೆ, ನಾನೇ ತೊಳೀತೀನಿ, ಹೋಗಾಚೆ" ಎನ್ನುವರು. ಹೊಸ ಬಟ್ಟೆ ತಂದರೆ ಕತ್ತಿನ ಹಿಂದಿನ ಚೀಟಿಯನ್ನು ಹೊಲಿಗೆ ಬಿಚ್ಚಿ ತೆಗೆದು, ಎರಡು ಸಲ ಒಗೆದು ಆಮೇಲೆ ಕೊಡುವರು. "ಕೆರೀಬೇಡ" ಎಂಬ ಮಾತು ಬಾಯಿ ತುದಿಗೆ ಬಂದರೆ ನುಂಗಿಕೊಂಡು "ಒತ್ತು, ಒತ್ತು" ಎನ್ನುವರು. ಒಂದು ಸಲ ಮನೆಗೆ ಬಂದ ನೆರೆಮನೆಯಾಕೆ ಇದನ್ನು ಕೇಳಿ, ಸೊಸೆ ಹೆರುತ್ತಿದ್ದಾಳೇನೋ ಎಂದು ಗಾಬರಿಯಾಗಿದ್ದಳು.

ಇಡೀ ಮನೆ ಜಿಡ್ಡಾಯಿತು. ಬಾಗಿಲ ಹಿಡಿ ಜಾರುತ್ತಿತ್ತು, ಲೋಟ ಜಾರುತ್ತಿತ್ತು, ಫೋನು ಅವಳ ಬೆರಳನ್ನು ಗುರುತು ಹಿಡಿಯುವುದನ್ನೇ ಬಿಟ್ಟಿತು. "ನಾನು ಗುರುತು ಹಿಡೀತೀನಲ್ಲ, ಸಾಕು ಬಿಡು," ಎಂದ ಗಂಡ. "ಆದ್ರೆ ರಸ್ತೆ ದಾಟುವಾಗ ಕೈ ಹಿಡಿದ್ರೆ ಮೀನು ಹಿಡಿದಂಗಾಗುತ್ತೆ."

ಆರನೇ ವಾರಕ್ಕೆ ಬಿರುಕುಗಳು ಮುಚ್ಚಿದವು. ಒಂದು ಬೆಳಗ್ಗೆ ಅವಳು ಎದ್ದು, ಅಭ್ಯಾಸಬಲದಿಂದ ಹಾಸಿಗೆ ಹೊದಿಕೆಯನ್ನು ಎಳೆದು ಒಗೆಯಲು ಹಾಕಹೋಗಿ, ಅದರಲ್ಲಿ ಏನೂ ಕಾಣದೆ, ಕಿಟಕಿಯ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ಅದನ್ನೇ ಮತ್ತೆ ಹಾಸಿದಳು. ಅಷ್ಟರೊಳಗೆ ಸಂಘದವರಿಗೆ ಮೇಜಿನ ಕೆಲಸ ಬೇಡವೆಂದು ಹೇಳಿಯಾಗಿತ್ತು. ಅವಳ ದುಭಾಷಿ ಜಾಗಕ್ಕೆ ಅವರು ಬೇರೆ ಯಾರನ್ನೂ ಹುಡುಕಿಯೇ ಇರಲಿಲ್ಲ.

ಪಾಲಿಶ್ ಅಜ್ಜನ ಬೆನ್ನಿನ ಪರೀಕ್ಷೆಯಲ್ಲಿ, ಕಾರ್ಖಾನೆಯವರು ಹಿಂದಿನ ವರ್ಷ ತಂದ ಹೊಸ ಪಾಲಿಶಿನ ಒಂದು ಪದಾರ್ಥ ಅವರಿಗೆ ಒಗ್ಗುವುದಿಲ್ಲವೆಂದು ತಿಳಿಯಿತು. ಅಜ್ಜ ಹಳೆಯ ಮೇಣದ ಪಾಲಿಶಿಗೆ ಮರಳಿದರು. ಕೈ ತಿಳಿಯಾಯಿತು. "ನಲವತ್ತೈದು ವರ್ಷದಿಂದ ಹೇಳ್ತಾನೇ ಇದೀನಿ, ಹಳೇದೇ ಒಳ್ಳೇದು ಅಂತ" ಎಂದು ಎಲ್ಲರ ಮುಂದೆಯೂ ಕೈ ಬೀಸಿ ಹೇಳಿಕೊಂಡು ತಿರುಗಿದರು.

ಅಲ್ಲಿಗೆ ಎಲ್ಲ ಮುಗಿಯಿತೆಂದಲ್ಲ. ಮೊದಲ ಚಳಿಗಾಲಕ್ಕೇ ನೆಂಟ ಎದ್ದು ಕೂತ. ಮೂರು ದಿನ ಒಂದೇ ಸಮನೆ ನ್ಯಾಯಾಲಯದ ಕೆಲಸ, ನಿದ್ದೆಗೇಡು, ಮುಲಾಮು ಹಚ್ಚಲು ಬಿಡುವಿಲ್ಲ. ಎರಡೂ ಮಣಿಕಟ್ಟು ಮತ್ತೆ ಕೆಂಪಾಗಿ ಊದಿದವು. ಅವಳು ಡಾಕ್ಟರ ಮುಂದೆ ಪರೀಕ್ಷೆಯಲ್ಲಿ ನಪಾಸಾದ ಹುಡುಗಿಯಂತೆ ತಲೆತಗ್ಗಿಸಿ ಕೂತಳು. ಡಾಕ್ಟರು ನೋಡಿ, "ಬಂತಾ? ಸರಿ. ಏನು ಮಾಡ್ಬೇಕು ಅಂತ ನಿಮಗೆ ಗೊತ್ತಿದೆಯಲ್ಲ" ಎಂದರು. ಅಷ್ಟೇ. ಅವಳಿಗೆ ನಿಜವಾಗಿಯೂ ಗೊತ್ತಿತ್ತು. ಎರಡು ವಾರದಲ್ಲಿ ಇಳಿಯಿತು.

ಹೀಗೆ ಏರುತ್ತ ಇಳಿಯುತ್ತ ಮೂರು ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ ಹೆರಿಗೆ ಆಸ್ಪತ್ರೆಯಿಂದ ಕರೆ ಬಂತು. ಚೊಚ್ಚಲ ಹೆರಿಗೆ, ಬಸುರಿಗೆ ಕಿವಿ ಕೇಳುವುದಿಲ್ಲ, ಗಂಡನಿಗೂ ಇಲ್ಲ. ಅಂದು ಅವಳ ಕೈ ಅಷ್ಟೇನೂ ಚೆನ್ನಾಗಿರಲಿಲ್ಲ. ಬೆರಳ ಸಂದುಗಳು ಕೆಂಪಾಗಿದ್ದವು, ಒಳಹೋಗುವ ಮುನ್ನ ತೊಳೆದುಕೊಂಡ ಔಷಧದ ನೀರಿನಿಂದ ಚುರುಗುಡುತ್ತಿದ್ದವು. ಮೊದಲಾಗಿದ್ದರೆ ಇನ್ಯಾರನ್ನಾದರೂ ಕಳಿಸಿ ಎನ್ನುತ್ತಿದ್ದಳು. ಹೋಗಿ ಮಂಚದ ತಲೆಯ ಪಕ್ಕ, ಬಸುರಿಯ ಕಣ್ಣಿಗೆ ನೇರವಾಗಿ ನಿಂತಳು.

ನಾಲ್ಕು ಗಂಟೆಗಳ ಕಾಲ ಸೂಲಗಿತ್ತಿ ನರ್ಸಿನ ಮಾತೆಲ್ಲ ಅವಳ ಕೈಯಲ್ಲಿ ಹೋಯಿತು. ಈಗ ಬೇಡ, ಉಸಿರು ಬಿಡು. ಈಗ. ಇನ್ನೊಮ್ಮೆ. ತಲೆ ಕಾಣ್ತಿದೆ. ಬಸುರಿ ಒಂದು ಕೈಯಲ್ಲಿ ಗಂಡನ ತೋಳನ್ನು ಹಿಂಡುತ್ತ, ಕಣ್ಣನ್ನು ಆ ಎರಡು ಕೈಗಳಿಂದ ಒಂದು ಕ್ಷಣವೂ ಕೀಳದೆ ನೋಡುತ್ತಿದ್ದಳು. ಕೊನೆಗೆ ಮಗು ಜಾರಿ ಬಂತು. ನರ್ಸು ಅದನ್ನು ಎತ್ತಿಕೊಂಡು ಪಕ್ಕದ ಮೇಜಿಗೆ ತಿರುಗಿದಳು. ತಾಯಿಗೆ ಕಂಡದ್ದು ನರ್ಸಿನ ಬೆನ್ನು ಮಾತ್ರ. ಅವಳ ಮುಖ ಬಿಳಿಚಿಕೊಂಡಿತು. ಏನಾಯಿತು ಎಂದು ಕೇಳುವ ಶಕ್ತಿಯೂ ಇಲ್ಲದೆ ಇವಳನ್ನೇ ನೋಡಿದಳು.

ಇವಳು ಕಿವಿಗೊಟ್ಟಳು. ಒಂದು ಉಸಿರು ಹಿಡಿಯುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಸಣ್ಣ ಕೆಮ್ಮು, ಆಮೇಲೆ ಕೋಣೆ ತುಂಬುವ ಹಾಗೆ ಅಳು.

ಅಳ್ತಿದೆ, ಎಂದಳು ಕೈಯಲ್ಲಿ. ಅಳ್ತಿದೆ. ಜೋರಾಗಿ ಅಳ್ತಿದೆ. ಸಿಟ್ಟು ಬಂದಿದೆ ಅದಕ್ಕೆ. ಆ ಅಳು ಹೇಗೆ ಏರುತ್ತಿತ್ತೋ ಹೇಗೆ ನಡುಗುತ್ತಿತ್ತೋ ಹಾಗೇ ಅವಳ ಬೆರಳುಗಳು ಏರಿದವು, ನಡುಗಿದವು. ತಾಯಿ ಅದನ್ನು ನೋಡುತ್ತ ನೋಡುತ್ತ ನಕ್ಕು, ಅತ್ತು, ಕೈಚಾಚಿ ಇವಳ ಎರಡೂ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ಒರಟು ಕೈ. ಆ ತಾಯಿಗೆ ಅದೇನೂ ತಿಳಿದಂತೆ ಕಾಣಲಿಲ್ಲ.

ಹೊರಗೆ ಬಂದು ಅವಳು ಕೈ ತೊಳೆದು, ಒರಸದೆ ಒತ್ತಿ, ಚೀಲದಿಂದ ಡಬ್ಬಿ ತೆಗೆದು ಧಾರಾಳವಾಗಿ ಮುಲಾಮು ಬಳಿದುಕೊಂಡಳು. ಪಡಸಾಲೆಯ ಬೆಂಚಿನ ಮೇಲೆ ಬಿಸಿಲು ಬಿದ್ದಿತ್ತು. ಎಡ ಮಣಿಕಟ್ಟಿನಲ್ಲಿ ನವೆ ಎದ್ದಿತು. ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಗಂಡನ ಬಸ್ಸು ಆ ರಸ್ತೆಗೆ ಬರುವ ಹೊತ್ತಾಯಿತೆಂದು ಮೆಟ್ಟಿಲಿಳಿದಳು. ಇವತ್ತು ಅವನಿಗೆ ಹೇಳಲು ಬೇಕಾದಷ್ಟಿತ್ತು.